ಕೊನೆಯ ಸ್ಪರ್ಧೆಗೆ ಐದು ವಾರ, ಕಾಲಿನಲ್ಲಿ ಹೆಬ್ಬೆರಳಗಲದ ನೋವು

ಓದುಗರ ಪ್ರಶ್ನೆ: ಕ್ರೀಡಾ ವೈದ್ಯರ ಉತ್ತರ

ಮಳೆ ಹಿಂದೆ ಸರಿದು ಘಾಟಿ ರಸ್ತೆಗಳು ಒಣಗಿದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಓಟಗಾರರ, ಸೈಕಲ್ ಸವಾರರ ಪತ್ರಗಳು ಹೆಚ್ಚುತ್ತವೆ. ಸಾಮಾನ್ಯವಾಗಿ ಅವು ಅಭ್ಯಾಸ ಆರಂಭಿಸುವವರ ಪತ್ರಗಳು. ಈ ಬಾರಿ ಬಂದವುಗಳಲ್ಲಿ ಹೆಚ್ಚಿನವು ವರ್ಷವಿಡೀ ಸ್ಪರ್ಧಿಸಿ ದಣಿದವರದು, ಮತ್ತು ಅವರ ಮನೆಯವರದು. ಮೊದಲ ಪತ್ರ ದೀರ್ಘವಾಗಿದ್ದುದರಿಂದ ಸಂಕ್ಷೇಪಿಸಿದ್ದೇನೆ. ಉತ್ತರವನ್ನು ಮಾತ್ರ ಸಂಕ್ಷೇಪಿಸಲು ಆಗಲಿಲ್ಲ.

ಪ್ರಶ್ನೆ: ನಾನು 29 ವರ್ಷದ ವೃತ್ತಿಪರ ಟ್ರಯಥ್ಲೀಟ್. ಫೆಬ್ರುವರಿಯಿಂದ ಈವರೆಗೆ ದೇಶದ ಒಳಗೂ ಹೊರಗೂ ಆರು ಸ್ಪರ್ಧೆಗಳನ್ನು ಮುಗಿಸಿದ್ದೇನೆ. ಋತುವಿನ ಕೊನೆಯದು, 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಮತ್ತು 21.1 ಕಿ.ಮೀ. ಓಟದ ಸ್ಪರ್ಧೆ, ಐದು ವಾರ ದೂರದಲ್ಲಿದೆ. ಮೂರು ವಾರಗಳಿಂದ ಎಡಗಾಲಿನಲ್ಲಿ ಮೊಣಕಾಲಿನ ಕೆಳಗಿನ ಮೂಳೆಯ ಒಳಬದಿಯಲ್ಲಿ ನೋವಿದೆ. ಮೊದಮೊದಲು ಓಟ ಮುಗಿದ ಮೇಲೆ ಬರುತ್ತಿತ್ತು. ಈಗ ಎರಡನೇ ಕಿಲೋಮೀಟರಿಗೇ ಬರುತ್ತದೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತದೆ. ಮೊದಲ ವಾರದಲ್ಲಿ ತೆಗೆಸಿದ ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಬೆಳಗಿನ ನಾಡಿ ಬಡಿತ 46 ಇದ್ದದ್ದು 54 ಆಗಿದೆ, ತೂಕ 69ರಿಂದ 66 ಕಿಲೊಗೆ ಇಳಿದಿದೆ, ನಿದ್ದೆ ಬೆಳಗಿನ ಮೂರಕ್ಕೇ ಒಡೆಯುತ್ತದೆ. ಕೈಮರದ ಏರು ಹತ್ತುವಾಗ ಹಿಂದೆ ಸಲೀಸಾಗಿದ್ದ ಗತಿ ಈಗ ಎಳೆದಾಡಿದಂತಾಗುತ್ತದೆ. ಸೋಮಾರಿಯಾಗುತ್ತಿದ್ದೇನೆಯೇ ಎಂಬ ಅನುಮಾನ. ನೋವಿನ ಮಾತ್ರೆ ನುಂಗಿ ಈ ಒಂದು ಸ್ಪರ್ಧೆಯನ್ನು ಮುಗಿಸಿದರೆ ಆಮೇಲೆ ಎರಡು ತಿಂಗಳು ವಿಶ್ರಾಂತಿ ಇದೆ. ಪ್ರಾಯೋಜಕರಿಗೆ ಮಾತು ಕೊಟ್ಟಿದ್ದೇನೆ. ಏನು ಮಾಡಲಿ?
— ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ನಿಮ್ಮ ಮೂಲ ಪತ್ರದಲ್ಲಿ ‘ಸೋಮಾರಿತನ’ ಎಂಬ ಪದ ನಾಲ್ಕು ಕಡೆ ಬಂದಿದೆ, ‘ಊಟ’ ಎಂಬ ಪದ ಒಂದು ಕಡೆಯೂ ಇಲ್ಲ. ಕಾಲಿನ ವಿಷಯಕ್ಕೆ ಹೋಗುವ ಮೊದಲೇ ಇದನ್ನು ಹೇಳುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ನೋವನ್ನೂ ದಣಿವನ್ನೂ ನೀವು ಎರಡು ಬೇರೆ ತೊಂದರೆಗಳೆಂದು ಬರೆದಿದ್ದೀರಿ, ನನಗೆ ಅವೆರಡೂ ಒಂದೇ ಖಾತೆಯ ಸಾಲದಂತೆ ಕಾಣುತ್ತವೆ. ಹತ್ತು ತಿಂಗಳಿಂದ ದೇಹದಿಂದ ತೆಗೆದದ್ದು ಹೆಚ್ಚು, ತುಂಬಿದ್ದು ಕಡಿಮೆ.

ಈಗ ಕಾಲು. ಜಗಲಿಯ ಮೇಲೋ ಕುರ್ಚಿಯ ಮೇಲೋ ಕುಳಿತು ಎಡಗಾಲನ್ನು ಬಲತೊಡೆಯ ಮೇಲೆ ಇಟ್ಟುಕೊಳ್ಳಿ. ಮೂಳೆಯ ಒಳಅಂಚನ್ನು ಮೊಣಕಾಲಿನಿಂದ ಪಾದದ ಗಂಟಿನವರೆಗೆ ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬನ್ನಿ. ನೋವು ಐದು ಸೆಂಟಿಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿದ್ದು, ಓಡುತ್ತಾ ಮೈ ಬಿಸಿಯಾದಂತೆ ಕಡಿಮೆಯಾಗುವಂತಿದ್ದರೆ ಅದು ಓಟಗಾರರು ಶಿನ್ ಸ್ಪ್ಲಿಂಟ್ಸ್ ಎನ್ನುವ ತೊಂದರೆ ಆಗಿರುವ ಸಾಧ್ಯತೆ ಹೆಚ್ಚು. ಹಾಗಲ್ಲದೆ ಹೆಬ್ಬೆರಳು ಒಂದು ಜಾಗಕ್ಕೆ ಬಂದಾಗ ಮಾತ್ರ ನೀವು ಹಲ್ಲು ಕಚ್ಚುವಂತಾಗಿ, ಅದರ ಮೇಲೂ ಕೆಳಗೂ ಏನೂ ಇಲ್ಲದಿದ್ದರೆ, ಓಡಿದಷ್ಟೂ ನೋವು ಏರಿ ರಾತ್ರಿಯೂ ಬಿಡದಿದ್ದರೆ, ಅದನ್ನು ಸ್ಟ್ರೆಸ್ ಫ್ರ್ಯಾಕ್ಚರ್ ಎಂದೇ, ಅಂದರೆ ಮೂಳೆಯಲ್ಲಿನ ಕೂದಲೆಳೆಯಂಥ ಬಿರುಕು ಅಥವಾ ಅದರ ಹಿಂದಿನ ಹಂತ ಎಂದೇ ಭಾವಿಸಿ ನಡೆಯಬೇಕು. ನೀವು ವಿವರಿಸಿರುವುದು ಎರಡನೆಯದಕ್ಕೆ ಹತ್ತಿರವಾಗಿದೆ. ಒಂಟಿಕಾಲಿನಲ್ಲಿ ಕುಪ್ಪಳಿಸಿ ನೋಡುವ ಪರೀಕ್ಷೆಯೊಂದು ಬಳಕೆಯಲ್ಲಿದೆ, ಆದರೆ ನೀವು ಮನೆಯಲ್ಲಿ ಅದನ್ನು ಮಾಡಬೇಡಿ.

ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ ಎಂಬುದರಿಂದ ಸಮಾಧಾನಪಡುವಂತಿಲ್ಲ. ಇಂಥ ಬಿರುಕು ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್-ರೇಗೆ ಸಿಗದಿರುವುದೇ ಹೆಚ್ಚು. ಮೂಳೆ ತನ್ನನ್ನು ತಾನೇ ಬೆಸೆದುಕೊಳ್ಳಲು ಆರಂಭಿಸಿದ ಮೇಲೆ, ಆ ಬೆಸುಗೆಯ ಗುರುತು ಅಲ್ಲಿ ಮೂಡುತ್ತದೆ. ಎಂಆರ್‌ಐಯಲ್ಲಾದರೆ ಬಿರುಕಿಗೂ ಮೊದಲಿನ ಊತವೇ ಕಾಣುತ್ತದೆ, ಮತ್ತು ತೊಂದರೆ ಯಾವ ದರ್ಜೆಯದು ಎಂಬುದೂ ತಿಳಿಯುತ್ತದೆ. ಈ ವಾರವೇ ಅದನ್ನು ಮಾಡಿಸಿ. ಮೂಳೆಯ ಒಳಅಂಚಿನ ಬಿರುಕು ಸಾಮಾನ್ಯವಾಗಿ ವಿಶ್ರಾಂತಿಗೆ ಒಗ್ಗುತ್ತದೆ. ಅದೇ ಮೂಳೆಯ ಮುಂಭಾಗದ ಬಿರುಕು, ತೊಡೆಯ ಮೂಳೆಯ ಕುತ್ತಿಗೆಯ ಬಿರುಕು ಹಾಗಲ್ಲ. ಅವು ಪೂರ್ತಿ ಮುರಿದು ಶಸ್ತ್ರಚಿಕಿತ್ಸೆಯ ಮೇಜಿಗೆ ಒಯ್ಯಬಲ್ಲವು. ಆದ್ದರಿಂದ ತೊಡೆಸಂದಿನಲ್ಲಿ ನೋವಿರುವ ಬೇರೆ ಓದುಗರು ಈ ಉತ್ತರವನ್ನು ತಮಗೆ ಅನ್ವಯಿಸಿಕೊಳ್ಳದೆ ನೇರವಾಗಿ ಮೂಳೆ ವೈದ್ಯರ ಬಳಿಗೆ ಹೋಗಬೇಕು.

ಐದು ವಾರಗಳ ಲೆಕ್ಕವನ್ನು ಬಿಡಿಸಿ ನೋಡೋಣ. ಬಿರುಕು ಇದ್ದರೆ ಓಟಕ್ಕೆ ಮರಳಲು ಆರರಿಂದ ಎಂಟು ವಾರ ಬೇಕು, ಅದೂ ನಡಿಗೆಯ ನಡುವೆ ಒಂದೊಂದು ನಿಮಿಷ ಓಡುವುದರಿಂದ ಆರಂಭ. ಬಿರುಕಿನ ಹಿಂದಿನ ಹಂತವೇ ಆಗಿದ್ದರೂ ಮೂರು ವಾರ ಓಡದೆ ಇದ್ದು, ಉಳಿದ ಎರಡು ವಾರಗಳಲ್ಲಿ 21 ಕಿ.ಮೀ.ಗೆ ಸಿದ್ಧರಾಗಬೇಕಾಗುತ್ತದೆ, ಅದೂ 90 ಕಿ.ಮೀ. ಸೈಕಲ್ ತುಳಿದು ಸ್ನಾಯುಗಳು ಸೋತ ಮೇಲೆ, ಅಂದರೆ ಪ್ರತಿ ಹೆಜ್ಜೆಯ ಏಟನ್ನು ತಡೆಯುವ ಸ್ನಾಯು ಕೈಬಿಟ್ಟು ಮೂಳೆಯೇ ಅದನ್ನು ಹೊರಬೇಕಾದ ಹೊತ್ತಿನಲ್ಲಿ. ನನ್ನ ಅಭಿಪ್ರಾಯವನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಈ ಸ್ಪರ್ಧೆಯನ್ನು ಬಿಡಿ. ಎಂಆರ್‌ಐ ಸಂಪೂರ್ಣ ಸ್ವಚ್ಛವಾಗಿ ಬಂದರೂ ನಿಮ್ಮ ನಾಡಿ, ತೂಕ, ನಿದ್ದೆಗಳನ್ನು ನೋಡಿ ನಾನು ಇದನ್ನೇ ಹೇಳುತ್ತೇನೆ. ರಿಲೇ ವಿಭಾಗದಲ್ಲಿ ಈಜು ಅಥವಾ ಸೈಕಲ್ ಮಾತ್ರ ಮಾಡಬಹುದಲ್ಲವೇ ಎಂದು ನೀವು ಮುಂದೆ ಕೇಳುವಿರಿ ಎಂದು ಊಹಿಸುತ್ತೇನೆ. ಅದು ಕಾಲಿಗೆ ಪರಿಹಾರ, ದಣಿವಿಗೆ ಅಲ್ಲ.

ಪ್ರಾಯೋಜಕರ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಅದು ನಿಮ್ಮ ಅನ್ನದ ಪ್ರಶ್ನೆ. ಆದರೂ ಒಂದು ಉದಾಹರಣೆ ನೋಡಿ. ಜರ್ಮನಿಯ ಟ್ರಯಥ್ಲೀಟ್ ಯಾನ್ ಫ್ರೋಡೆನೊ 2008ರ ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಗೆದ್ದವರು, 2015 ಮತ್ತು 2016ರಲ್ಲಿ ಹವಾಯಿಯ ಕೋನಾದಲ್ಲಿ ಐರನ್‌ಮ್ಯಾನ್ (ಅತಿ ದೂರದ ಟ್ರಯಥ್ಲಾನ್) ವಿಶ್ವ ಚಾಂಪಿಯನ್ ಆದವರು. 2017ರಲ್ಲಿ ಅಲ್ಲಿಯೇ ಓಟದ ನಡುವೆ ಬೆನ್ನು ಹಿಡಿದುಕೊಂಡು, ಬಹುದೂರ ನಡೆದು ಸ್ಪರ್ಧೆ ಮುಗಿಸಿದರು. ಮರುವರ್ಷ, ಕೋನಾಕ್ಕೆ ಕೆಲವೇ ವಾರ ಇರುವಾಗ ಸ್ಟ್ರೆಸ್ ಫ್ರ್ಯಾಕ್ಚರ್ ಪತ್ತೆಯಾಯಿತು. ವರ್ಷದ ಅತಿ ದೊಡ್ಡ ಸ್ಪರ್ಧೆಯಿಂದ ಅವರು ಹಿಂದೆ ಸರಿದರು. 2019ರಲ್ಲಿ ಮರಳಿ ಬಂದು 7 ಗಂಟೆ 51 ನಿಮಿಷ 13 ಸೆಕೆಂಡುಗಳಲ್ಲಿ ಆ ಮಾರ್ಗದ ಅಂದಿನ ದಾಖಲೆಯೊಂದಿಗೆ ಗೆದ್ದರು. ಎಲ್ಲರೂ ಹೀಗೆ ಮರಳಿ ಬರುತ್ತಾರೆ ಎಂದು ನಾನು ಹೇಳುತ್ತಿಲ್ಲ. ಹಿಂದೆ ಸರಿಯುವುದು ವೃತ್ತಿಪರರು ಮಾಡುವ ಕೆಲಸವೇ ಎಂದಷ್ಟೇ ಹೇಳುತ್ತಿದ್ದೇನೆ. ಪ್ರಾಯೋಜಕರಿಗೆ ಇವತ್ತೇ, ವೈದ್ಯರ ವರದಿಯ ಸಮೇತ ಬರೆಯಿರಿ. ಐದು ವಾರ ಮೊದಲು ಬಂದ ಪತ್ರಕ್ಕೂ ಸ್ಪರ್ಧೆಯ ಹಿಂದಿನ ರಾತ್ರಿ ಬಂದ ಫೋನಿಗೂ ವ್ಯತ್ಯಾಸವಿದೆ.

ಮಾತ್ರೆಯ ಬಗ್ಗೆ. ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಗುಂಪಿನ ಮಾತ್ರೆಗಳು ಮೂಳೆ ಕೊಡುತ್ತಿರುವ ಏಕೈಕ ಎಚ್ಚರಿಕೆಯನ್ನು ಮುಚ್ಚಿಹಾಕುತ್ತವೆ. ನಾಲ್ಕೈದು ಗಂಟೆ ಬಿಸಿಲಿನಲ್ಲಿ ಬೆವರಿ ನೀರಿನಂಶ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಇವು ಇನ್ನಷ್ಟು ತಗ್ಗಿಸುತ್ತವೆ. ದೂರದ ಸ್ಪರ್ಧೆಗಳ ನಂತರ ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆ ಸೇರಿದವರಲ್ಲಿ ಈ ಮಾತ್ರೆ ನುಂಗಿ ಓಡಿದವರು ಇರುತ್ತಾರೆ. ರಾತ್ರಿಯ ನೋವಿಗೆ ಏನು ತೆಗೆದುಕೊಳ್ಳಬೇಕು ಎಂಬುದನ್ನು ನಿಮ್ಮ ವೈದ್ಯರು ಹೇಳಲಿ. ಸ್ಪರ್ಧೆಗಾಗಿ ಮಾತ್ರೆ ಎಂಬ ಯೋಚನೆಯನ್ನು ಬಿಟ್ಟುಬಿಡಿ.

ಇನ್ನು ಊಟ. ತರಬೇತಿಯ ಖರ್ಚನ್ನು ಕಳೆದ ಮೇಲೆ, ಕೊಬ್ಬು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೊಗೆ ಸುಮಾರು 45 ಕಿಲೊ ಕ್ಯಾಲೊರಿ ದೇಹದ ದೈನಂದಿನ ಕೆಲಸಕ್ಕೆ ಉಳಿಯಬೇಕು. ಅದು 30ಕ್ಕಿಂತ ಕೆಳಗಿಳಿದು ಹಾಗೆಯೇ ಮುಂದುವರಿದರೆ ದೇಹ ಮೊದಲು ಕೈಬಿಡುವುದು ಹಾರ್ಮೋನುಗಳನ್ನು, ಮೂಳೆಯ ದುರಸ್ತಿಯನ್ನು, ನಿದ್ದೆಯನ್ನು. ನಿಮ್ಮಲ್ಲಿ ಕೊಬ್ಬು ಬಿಟ್ಟು 60 ಕಿಲೊ ಎಂದಿಟ್ಟುಕೊಂಡರೆ ಅದು 2,700 ಕಿಲೊ ಕ್ಯಾಲೊರಿ. ನಾಲ್ಕು ಗಂಟೆ ಸರಾಸರಿ 180 ವ್ಯಾಟ್‌ನಲ್ಲಿ ಸೈಕಲ್ ತುಳಿದ ದಿನ ಅದರ ಮೇಲೆ ಇನ್ನೂ ಸುಮಾರು 2,500. ಒಟ್ಟು 5,200. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಇರುವುದು ಸುಮಾರು 320. ಅಂದರೆ ಬರೀ ಮುದ್ದೆಯಿಂದ ಇದನ್ನು ತುಂಬಿಸಲು ಒಂದೂವರೆ ಕಿಲೊಗೂ ಹೆಚ್ಚು ಹಿಟ್ಟು ಬೇಕು! ಮನೆಯವರು ‘ಚೆನ್ನಾಗಿಯೇ ಊಟ ಮಾಡುತ್ತಾನೆ’ ಎನ್ನುವುದೂ ನಿಜ, ನಿಮ್ಮ ದೇಹ ಉಪವಾಸವಿರುವುದೂ ನಿಜ, ಎರಡೂ ಒಟ್ಟಿಗೆ ಸಾಧ್ಯ. ಇದಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ‘ರೆಡ್-ಎಸ್’ (ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿ ಕೊರತೆ) ಎಂದು ಹೆಸರಿಟ್ಟಿತು, ಮತ್ತು ಅದು ಮಹಿಳೆಯರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ಸೈಕಲ್ಲಿನ ಮೇಲೆ ಇರುವಾಗಲೇ ಗಂಟೆಗೆ 60ರಿಂದ 90 ಗ್ರಾಂ ಸಕ್ಕರೆ-ಪಿಷ್ಟ ಒಳಗೆ ಹೋಗಬೇಕು, ಮನೆಗೆ ಬಂದ ಕೂಡಲೇ ಮತ್ತೆ ಊಟ. ರಕ್ತದಲ್ಲಿ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ಎಷ್ಟೆಂದು ತೋರಿಸುವಂಥದ್ದು), ವಿಟಮಿನ್ ಡಿ, ಥೈರಾಯ್ಡ್, ಬೆಳಗಿನ ಟೆಸ್ಟೊಸ್ಟಿರೋನ್ ಇವಿಷ್ಟನ್ನು ಪರೀಕ್ಷಿಸಿ.

ಮೊದಲ ಹತ್ತು ದಿನ ಏನೂ ಮಾಡಬೇಡಿ. ಆಮೇಲೆ ಈಜಬಹುದು, ಆದರೆ ಕೊಳದ ಗೋಡೆಯನ್ನು ಎಡಗಾಲಿನಿಂದ ಒದೆಯದೆ ತಿರುಗಿ. ಸೊಂಟಕ್ಕೆ ತೇಲುಪಟ್ಟಿ ಕಟ್ಟಿ, ಪಾದ ನೆಲಕ್ಕೆ ತಾಗದಷ್ಟು ಆಳದಲ್ಲಿ ಓಡಬಹುದು. ಬ್ರಿಟನ್ನಿನ ಟ್ರಯಥ್ಲೀಟ್ ಅಲಿಸ್ಟರ್ ಬ್ರೌನ್ಲಿ 2012ರ ಆರಂಭದಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಾಗ ಹೀಗೆ ನೀರಿನಲ್ಲಿ ಓಡಿಯೇ ದಿನ ಕಳೆದು, ಅದೇ ಆಗಸ್ಟ್‌ನಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಸೈಕಲ್ ನೋವಿಲ್ಲದಿದ್ದರೆ ಮಾತ್ರ, ಸಮತಟ್ಟಿನಲ್ಲಿ ಮಾತ್ರ. ಗಳಿಸಿದ ಶಕ್ತಿಯೆಲ್ಲ ಕರಗಿಹೋಗುತ್ತದೆ ಎಂಬ ಹೆದರಿಕೆಗೆ ಉತ್ತರ: 1984ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಪಳಗಿದ ಕ್ರೀಡಾಪಟುಗಳು ಅಭ್ಯಾಸವನ್ನು ಸಂಪೂರ್ಣ ನಿಲ್ಲಿಸಿದಾಗ ಮೂರು ವಾರಗಳಲ್ಲಿ ಅವರ ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯ ಕುಸಿದದ್ದು ಶೇ 7ರಷ್ಟು. ನೀವು ಸಂಪೂರ್ಣ ನಿಲ್ಲಿಸುತ್ತಲೂ ಇಲ್ಲ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ನಮ್ಮ ಮಲೆನಾಡಿನ ರಸ್ತೆಗಳು ಮಳೆನೀರು ಇಳಿಯಲೆಂದು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ. ಎದುರಿನ ವಾಹನ ಕಾಣಲೆಂದು ನೀವು ಯಾವಾಗಲೂ ಬಲಅಂಚಿನಲ್ಲೇ ಓಡುತ್ತಿದ್ದರೆ ಎಡಪಾದ ಸದಾ ಎತ್ತರದಲ್ಲಿದ್ದು ಒಳಕ್ಕೆ ವಾಲುತ್ತದೆ, ಆ ಎಳೆತ ಬೀಳುವುದು ನೀವು ನೋವೆಂದು ಬರೆದಿರುವ ಅಂಚಿನ ಮೇಲೆಯೇ. ಹಳೆಯ ಶೂ ಜೋಡಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಎಡದ್ದು ಒಳಕ್ಕೆ ಕುಸಿದಿದ್ದರೆ ಕಾರಣಗಳಲ್ಲಿ ಒಂದು ಸಿಕ್ಕಂತೆ. ಮರಳಿ ಓಡುವಾಗ ಮೈದಾನ ಅಥವಾ ತೋಟದ ಸಮತಟ್ಟಾದ ಮಣ್ಣಿನ ದಾರಿಯಲ್ಲಿ ಆರಂಭಿಸಿ. ಮುಳ್ಳಯ್ಯನಗಿರಿಯ ಇಳಿಜಾರನ್ನು, ಹತ್ತಲು ಎಷ್ಟೇ ಇಷ್ಟವಿದ್ದರೂ, ಇನ್ನು ಮೂರು ತಿಂಗಳು ಓಡಿ ಇಳಿಯಬೇಡಿ. ಇಳಿಯುವಾಗ ಕಾಲು ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತಿರುತ್ತದೆ.

ಪ್ರಶ್ನೆ: ನಾನು ಹಾಸನದಲ್ಲಿ ಹತ್ತು ಹನ್ನೆರಡು ಯುವಕ ಯುವತಿಯರಿಗೆ ಈಜು ಮತ್ತು ಓಟದ ತರಬೇತಿ ಕೊಡುತ್ತೇನೆ. ಋತುವಿನ ಕೊನೆಯಲ್ಲಿ ಎಲ್ಲರೂ ದಣಿದಿರುತ್ತಾರೆ. ಒಳ್ಳೆಯ ದಣಿವನ್ನೂ ಕೆಟ್ಟ ದಣಿವನ್ನೂ ಬೇರೆ ಮಾಡಿ ನೋಡಲು ಒಂದು ರಕ್ತಪರೀಕ್ಷೆ ಇದೆಯೇ?
— ತರಬೇತುದಾರ, ಹಾಸನ

ಉತ್ತರ: ಇಲ್ಲ. ರಕ್ತಹೀನತೆ, ಥೈರಾಯ್ಡ್, ಸೋಂಕು ಮುಂತಾದ ಬೇರೆ ಕಾರಣಗಳನ್ನು ಹೊರಗಿಡಲು ರಕ್ತಪರೀಕ್ಷೆ ಬೇಕು. ಅತಿ ತರಬೇತಿಯನ್ನು ತೋರಿಸಿಕೊಡುವ ಒಂದೇ ಪರೀಕ್ಷೆ ಎಂಬುದು ಇಲ್ಲ. ಯುರೋಪಿನ ಮತ್ತು ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆಗಳು 2013ರಲ್ಲಿ ಜೊತೆಯಾಗಿ ಹೊರಡಿಸಿದ ಹೇಳಿಕೆ ದಣಿವನ್ನು ಮೂರು ಮೆಟ್ಟಿಲಾಗಿ ನೋಡುತ್ತದೆ. ಮೊದಲನೆಯದು ಕೆಲವು ದಿನಗಳಿಂದ ಕೆಲವು ವಾರಗಳ ವಿಶ್ರಾಂತಿಯಲ್ಲಿ ಕಳೆದು, ಮೊದಲಿಗಿಂತ ಹೆಚ್ಚಿನ ಶಕ್ತಿ ಕೊಡುವಂಥದ್ದು. ನೀವು ಬೇಕೆಂದೇ ಉಂಟುಮಾಡುವುದು ಇದನ್ನು. ಎರಡನೆಯದು ವಾರಗಳಿಂದ ತಿಂಗಳುಗಳವರೆಗೆ ಎಳೆಯುವಂಥದ್ದು, ಲಾಭವೂ ಇಲ್ಲದ್ದು. ಮೂರನೆಯದು ಹಲವು ತಿಂಗಳು, ಕೆಲವರಲ್ಲಿ ವರ್ಷಗಳೇ ಹಿಡಿಯುವ ಅತಿ ತರಬೇತಿಯ ಕಾಯಿಲೆ. ತೊಡಕೆಂದರೆ ಮೂರರಲ್ಲಿ ಯಾವ ಮೆಟ್ಟಿಲಲ್ಲಿ ಇದ್ದರೆಂಬುದು ವಿಶ್ರಾಂತಿ ಕೊಟ್ಟು, ಚೇತರಿಕೆಗೆ ಎಷ್ಟು ದಿನ ಹಿಡಿಯಿತೆಂದು ನೋಡಿದ ಮೇಲೆಯೇ ಖಚಿತವಾಗುತ್ತದೆ.

ಆದ್ದರಿಂದ ದಿನಚರಿಯ ಪುಸ್ತಕವೇ ನಿಮ್ಮ ಪ್ರಯೋಗಾಲಯ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲು ನಾಡಿ ಬಡಿತ; ನಿದ್ದೆಯ ಗಂಟೆಗಳು; ಮನಸ್ಸಿನ ಸ್ಥಿತಿಗೆ ಹತ್ತರಲ್ಲಿ ಒಂದು ಅಂಕ; ಹಿಂದಿನ ದಿನದ ಅಭ್ಯಾಸ ಎಷ್ಟು ಕಷ್ಟವೆನಿಸಿತು ಎಂಬುದಕ್ಕೆ ಇನ್ನೊಂದು ಅಂಕ. ನಾಡಿ ಏರಿದರೆ ಮಾತ್ರ ಅಪಾಯ ಎಂದು ಹಲವರು ತಿಳಿದಿದ್ದಾರೆ. ತೀವ್ರವಾಗಿ ಬಳಲಿದ ದೂರದ ಓಟಗಾರರಲ್ಲಿ ಅದು ಇಳಿಯಲೂಬಹುದು, ಎಷ್ಟೇ ಒತ್ತಿ ಓಡಿದರೂ ಮೇಲೇರದೆ ಹೋಗಬಹುದು. ನನ್ನ ಅನುಭವದಲ್ಲಿ ಮೊದಲು ಕೆಡುವುದು ನಾಡಿಯಲ್ಲ, ಮನಸ್ಸು. ತಮಾಷೆ ಮಾಡುತ್ತಿದ್ದ ಹುಡುಗ ಮೌನಿಯಾದರೆ, ಯಾವತ್ತೂ ಮೊದಲು ಬರುತ್ತಿದ್ದವಳು ಶೂ ಲೇಸ್ ಕಟ್ಟಲು ಹತ್ತು ನಿಮಿಷ ತೆಗೆದುಕೊಂಡರೆ ಅದನ್ನೂ ಬರೆದಿಡಿ. ನೀವು ಕಾಣುವುದನ್ನು ಕೈಗಡಿಯಾರ ಕಾಣುವುದಿಲ್ಲ.

ಸ್ಪರ್ಧೆಗೆ ಹೋಗುವವರ ಅಭ್ಯಾಸವನ್ನು ಕೊನೆಯ ಎರಡು ವಾರಗಳಲ್ಲಿ ಶೇ 40ರಿಂದ 60ರಷ್ಟು ಇಳಿಸಿ. ವೇಗವನ್ನು ಇಳಿಸಬೇಡಿ, ದೂರವನ್ನು ಇಳಿಸಿ. ಎರಡು ವಾರ ಹೀಗೆ ಮಾಡಿಯೂ ಒಬ್ಬರು ಚಿಗುರದಿದ್ದರೆ ಅವರನ್ನು ಸ್ಪರ್ಧೆಗೆ ಕಳುಹಿಸಬೇಡಿ, ವೈದ್ಯರ ಬಳಿಗೆ ಕಳುಹಿಸಿ.

ಪ್ರಶ್ನೆ: ನಾನು 24 ವರ್ಷದ ಯುವತಿ. ಸಕಲೇಶಪುರದ ಹತ್ತಿರ ನಮ್ಮ ತೋಟವಿದೆ. ಒಲಿಂಪಿಕ್ ದೂರದ (1.5, 40, 10 ಕಿ.ಮೀ.) ಟ್ರಯಥ್ಲಾನ್ ಮಾಡುತ್ತೇನೆ. ಮೂರು ತಿಂಗಳಿಂದ ಸುಸ್ತು. ಹಿಮೋಗ್ಲೋಬಿನ್ ಸರಿಯಿದೆ, ಫೆರಿಟಿನ್ 14 ಬಂದಿದೆ. ಸಸ್ಯಾಹಾರಿ. ದಿನಕ್ಕೆ ಐದು ಲೋಟ ಕಾಫಿ ಕುಡಿಯುತ್ತೇನೆ. ಅದನ್ನು ಬಿಡು ಎಂದು ಮಾತ್ರ ಹೇಳಬೇಡಿ.
— ಸಕಲೇಶಪುರ

ಉತ್ತರ: ಬಿಡಿ ಎನ್ನುವುದಿಲ್ಲ, ಹೊತ್ತು ಬದಲಿಸಿ ಎನ್ನುತ್ತೇನೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊಟದೊಂದಿಗೆ ಕುಡಿದ ಒಂದು ಲೋಟ ಕಾಫಿ ಆ ಊಟದ ಕಬ್ಬಿಣಾಂಶ ಹೀರಿಕೆಯನ್ನು ಶೇ 39ರಷ್ಟು ಕಡಿಮೆ ಮಾಡಿತು (ಚಹಾ ಶೇ 64ರಷ್ಟು, ಕಾಫಿ ಬೆಳೆಗಾರರು ಬೇಕಿದ್ದರೆ ಸಂತೋಷಪಡಬಹುದು). ಅದಕ್ಕಿಂತ ಉಪಯುಕ್ತವಾದದ್ದು ಇನ್ನೊಂದು ಫಲಿತಾಂಶ: ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ನಷ್ಟವಾಗಲಿಲ್ಲ, ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಮಾತ್ರ ಊಟದ ಜೊತೆ ಕುಡಿದಷ್ಟೇ ತಡೆಯಿತು. ನಮ್ಮ ಕಡೆಯ ಅಭ್ಯಾಸ ಇದಕ್ಕೆ ತದ್ವಿರುದ್ಧ. ತಿಂಡಿ ತಿಂದ ಬಾಯಿಗೆ ಬಿಸಿ ಕಾಫಿ ಬೀಳದಿದ್ದರೆ ತಿಂಡಿ ಮುಗಿದಂತೆಯೇ ಆಗುವುದಿಲ್ಲ. ಎದ್ದ ಕೂಡಲೇ ಒಂದು ಲೋಟ ಕುಡಿಯಿರಿ, ತಿಂಡಿಯನ್ನು ಗಂಟೆ ಬಿಟ್ಟು ತಿನ್ನಿ, ತಿಂಡಿಯ ಮೇಲೆ ಕಾಫಿಯ ಬದಲು ನಿಂಬೆ ಪಾನಕವನ್ನೋ ನೆಲ್ಲಿಕಾಯಿಯನ್ನೋ ಇಟ್ಟುಕೊಳ್ಳಿ. ರಾಗಿ, ಕಾಳುಗಳನ್ನು ಮೊಳಕೆ ಕಟ್ಟಿ ಬಳಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ.

ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ 14 ಎಂದರೆ ಕಣಜ ಬರಿದಾಗಿದೆ ಎಂದರ್ಥ. ಊಟದಿಂದ ಮಾತ್ರ ಅದು ತುಂಬಲಾರದು, ಮಾತ್ರೆ ಬೇಕಾಗುತ್ತದೆ. ದಿನವೂ ನುಂಗುವುದಕ್ಕಿಂತ ದಿನ ಬಿಟ್ಟು ದಿನ ನುಂಗಿದಾಗ ಪ್ರತಿ ಮಾತ್ರೆಯಿಂದ ದೇಹ ಹೀರಿಕೊಳ್ಳುವ ಪಾಲು ಹೆಚ್ಚು ಎಂದು ಕಬ್ಬಿಣ ಕಡಿಮೆಯಿರುವ ಯುವತಿಯರಲ್ಲಿಯೇ ಕಂಡುಬಂದಿದೆ; ನಿಮ್ಮ ವೈದ್ಯರೊಂದಿಗೆ ಇದನ್ನು ಮಾತನಾಡಿ. ಕಠಿಣ ಅಭ್ಯಾಸದ ನಂತರದ ಮೂರರಿಂದ ಆರು ಗಂಟೆಗಳಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕರುಳಿನ ಬಾಗಿಲು ಮುಚ್ಚುವುದರಿಂದ, ಮಾತ್ರೆಯನ್ನು ಬೆಳಗಿನ ಅಭ್ಯಾಸಕ್ಕೆ ಮೊದಲು ಅಥವಾ ಮುಗಿದ ಅರ್ಧ ಗಂಟೆಯೊಳಗೆ ತೆಗೆದುಕೊಳ್ಳುವುದು ಲೇಸು. ಮುಟ್ಟು ಸರಿಯಾಗಿ ಬರುತ್ತಿದೆಯೇ ಎಂಬುದನ್ನು ನೀವು ಬರೆದಿಲ್ಲ. ಮೂರು ತಿಂಗಳು ನಿಂತಿದ್ದರೆ ಮೊದಲ ಪತ್ರಕ್ಕೆ ಕೊಟ್ಟ ಉತ್ತರದ ಊಟದ ಭಾಗವನ್ನು ಮತ್ತೊಮ್ಮೆ ಓದಿ, ಸ್ತ್ರೀರೋಗ ತಜ್ಞರನ್ನು ಕಾಣಿ.

ಸಂಜೆಯ ಐದನೇ ಲೋಟವನ್ನು ಮಾತ್ರ ಬಿಡಬೇಕಾದೀತು. ಕುಡಿದ ಐದು ಗಂಟೆಯ ಮೇಲೂ ಅರ್ಧದಷ್ಟು ಕೆಫೀನ್ ರಕ್ತದಲ್ಲಿ ಉಳಿದಿರುತ್ತದೆ.

ಪ್ರಶ್ನೆ: ತೆರೆದ ನೀರಿನ ಅಭ್ಯಾಸಕ್ಕೆಂದು ನಮ್ಮೂರ ಕೆರೆಯಲ್ಲಿ ಈಜುತ್ತೇನೆ. ಕಳೆದ ವಾರ ಜೋರು ಮಳೆಯ ನಂತರ ಈಜಿದ್ದೆ. ನಾಲ್ಕು ದಿನಗಳಿಂದ ಜ್ವರ, ತಲೆನೋವು, ಎರಡೂ ಮೀನಖಂಡಗಳಲ್ಲಿ ಮುಟ್ಟಿದರೆ ಜೀವ ಹೋಗುವಂಥ ನೋವು. ಓಟ ಹೆಚ್ಚಾದ್ದರಿಂದ ಹೀಗೆ ಎಂದು ಗೆಳೆಯರು ಹೇಳುತ್ತಾರೆ. ಎಷ್ಟು ದಿನ ವಿಶ್ರಾಂತಿ ಬೇಕು?
— ಬೇಲೂರು

ಉತ್ತರ: ನಿಮ್ಮ ಪತ್ರಕ್ಕೆ ಫೋನಿನಲ್ಲಿ ಅಂದೇ ಉತ್ತರಿಸಲಾಗಿದೆ, ಉಳಿದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಓಟದಿಂದ ಮೀನಖಂಡ ನೋಯಬಹುದು, ಓಟದಿಂದ ನಾಲ್ಕು ದಿನ ಜ್ವರ ಬರುವುದಿಲ್ಲ. ಜ್ವರ, ತಲೆನೋವು, ಕೆಂಪೇರಿದ ಕಣ್ಣು ಮತ್ತು ಮೀನಖಂಡದ ತೀವ್ರ ನೋವು ಜೊತೆಯಾಗಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇಲಿಜ್ವರವನ್ನು, ಅಂದರೆ ಲೆಪ್ಟೊಸ್ಪೈರೋಸಿಸ್ ಅನ್ನು. ಇಲಿ, ದನ, ನಾಯಿಗಳ ಮೂತ್ರದಲ್ಲಿರುವ ರೋಗಾಣು ಮಳೆಯೊಂದಿಗೆ ಕೆರೆಗೆ ಹರಿದು ಬಂದು, ಈಜುವವರ ಚರ್ಮದ ತರಚುಗಾಯ, ಕಣ್ಣು, ಬಾಯಿಯ ಮೂಲಕ ಒಳಸೇರುತ್ತದೆ. 1998ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಕೆರೆಯಲ್ಲಿ ನಡೆದ ಟ್ರಯಥ್ಲಾನ್‌ನ ನಂತರ ಹಲವಾರು ಸ್ಪರ್ಧಿಗಳು ಇದೇ ಕಾಯಿಲೆಗೆ ಬಿದ್ದರು. ಅಲ್ಲಿಯೂ ಸ್ಪರ್ಧೆಗೆ ಮೊದಲು ಜೋರು ಮಳೆಯಾಗಿತ್ತು. ಬೇಗ ಹಿಡಿದರೆ ಡಾಕ್ಸಿಸೈಕ್ಲಿನ್‌ನಂಥ ಸಾಧಾರಣ ಔಷಧಕ್ಕೆ ಬಗ್ಗುತ್ತದೆ, ತಡವಾದರೆ ಯಕೃತ್ತು, ಮೂತ್ರಪಿಂಡಗಳಿಗೆ ಹೋಗುತ್ತದೆ. ವೈದ್ಯರ ಮುಂದೆ ಕುಳಿತಾಗ ‘ಕೆರೆಯಲ್ಲಿ ಈಜಿದ್ದೆ’ ಎಂಬ ಮಾತನ್ನು ಮೊದಲೇ ಹೇಳಿ.

ಕೊಪ್ಪ, ನರಸಿಂಹರಾಜಪುರ ಕಡೆಯ ಕಾಡುದಾರಿಗಳಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಓಡುವವರು ಉಣ್ಣೆ ಹುಳುವಿನ (ಉಣುಗಿನ) ಮೂಲಕ ಹರಡುವ ಮಂಗನ ಕಾಯಿಲೆಯನ್ನೂ ಇದೇ ರೀತಿ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಓಡಿ ಬಂದು ಬಟ್ಟೆ ಬದಲಿಸುವಾಗ ಮೈಯನ್ನು ಒಮ್ಮೆ ಹುಡುಕಿಕೊಳ್ಳಿ.

ಪ್ರಶ್ನೆ: ಹಿಮ್ಮಡಿ ನೋವಿಗೆ ಒಂದು ಇಂಜೆಕ್ಷನ್ ಹಾಕಿಸಿದರೆ ಸ್ಪರ್ಧೆ ಮುಗಿಯುವವರೆಗೆ ನೋವಿರುವುದಿಲ್ಲ ಎನ್ನುತ್ತಾರೆ. ನಿಜವೇ?
— ಅರಸೀಕೆರೆ

ಉತ್ತರ: ನೋವಿಲ್ಲದಿರಬಹುದು, ಸ್ನಾಯುರಜ್ಜು ಹರಿಯಲೂಬಹುದು. ಜೊತೆಗೆ, ಸ್ಟಿರಾಯ್ಡ್ ಇಂಜೆಕ್ಷನ್ನನ್ನು ದೇಹದ ಯಾವ ಭಾಗಕ್ಕೆ ಹಾಕಿಸಿಕೊಂಡರೂ ಸ್ಪರ್ಧೆಯ ಅವಧಿಯಲ್ಲಿ ಅದು 2022ರ ಜನವರಿಯಿಂದ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ) ನಿಷೇಧಿತ ಪಟ್ಟಿಯಲ್ಲಿದೆ. ಟ್ರಮಡಾಲ್ ಎಂಬ ನೋವುಮಾತ್ರೆ 2024ರ ಜನವರಿಯಿಂದ. ಹೆಸರಿಲ್ಲದ ಪುಡಿ, ಲೇಹ್ಯಗಳಲ್ಲಿ ಏನು ಬೆರೆತಿದೆಯೋ ಅದಕ್ಕೂ ಹೊಣೆ ನುಂಗಿದವರದೇ. ಹಿಮ್ಮಡಿಗೆ ಮದ್ದು ಮೆಟ್ಟಿಲಿನ ಅಂಚಿನಲ್ಲಿದೆ: ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸುವ ವ್ಯಾಯಾಮ. ಸ್ವೀಡನ್ನಿನ ಆಲ್‌ಫ್ರೆಡ್‌ಸನ್ 1998ರಲ್ಲಿ ತೋರಿಸಿಕೊಟ್ಟ ಕ್ರಮದಲ್ಲಿ ಮಂಡಿ ನೇರವಾಗಿಟ್ಟು 15ರಂತೆ ಮೂರು ಸುತ್ತು, ಮಂಡಿ ಬಗ್ಗಿಸಿ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಹನ್ನೆರಡು ದಿನ ಎಂದು ಓದಿಕೊಳ್ಳಬೇಡಿ.

ಪ್ರಶ್ನೆ: ಮಗ ವೃತ್ತಿಪರ ಕ್ರೀಡಾಪಟು. ಕಾಲಿನ ಮೂಳೆಯಲ್ಲಿ ಬಿರುಕು ಎಂದು ಎರಡು ತಿಂಗಳು ವಿಶ್ರಾಂತಿಗೆ ಮನೆಗೆ ಬಂದಿದ್ದಾನೆ. ಸುಮ್ಮನೆ ಕೂತು ಸಿಡಿಮಿಡಿಗುಟ್ಟುತ್ತಾನೆ. ಕಾಫಿ ಕೊಯ್ಲು ಆರಂಭವಾಗಿದೆ, ಆಳುಗಳಿಲ್ಲ. ತೋಟದ ಕೆಲಸಕ್ಕೆ ಕರೆದರೆ ಮನಸ್ಸೂ ಹಗುರಾದೀತು ಎಂದು ನನ್ನ ಆಸೆ. ಸರಿಯೇ?
— ಮೂಡಿಗೆರೆ

ಉತ್ತರ: ಮನಸ್ಸಿನ ಬಗ್ಗೆ ನೀವು ಯೋಚಿಸಿರುವುದು ಸರಿ, ಕೆಲಸದ ಆಯ್ಕೆ ಸರಿಯಲ್ಲ. ಇಳಿಜಾರಿನಲ್ಲಿ ಕಾಲು ಊರಿ ದಿನವಿಡೀ ಕೊಯ್ಯುವುದು, ಮೂಟೆ ಹೊತ್ತು ರಸ್ತೆಗೆ ತರುವುದು, ಕಣದಲ್ಲಿ ನಿಂತು ಹಣ್ಣು ಹರಡುವುದು ಇವೆಲ್ಲ ಅದೇ ಮೂಳೆಯ ಮೇಲೆ ಬೀಳುವ ಭಾರವೇ. ದಿನವಿಡೀ ಸ್ಪರ್ಧೆ, ಸಮಯ, ಅಂಕಿಗಳಲ್ಲಿ ಬದುಕಿದ ಹುಡುಗ ಒಮ್ಮೆಲೇ ಖಾಲಿ ಕುಳಿತಾಗ ಸಿಡುಕುವುದು ಸಹಜ. ಬೆಳಿಗ್ಗೆ ಎದ್ದ ಕೂಡಲೇ ‘ಕಾಲು ಹೇಗಿದೆ’ ಎಂದು ಕೇಳುವುದನ್ನು ಮನೆಯವರೆಲ್ಲ ಒಂದು ವಾರ ನಿಲ್ಲಿಸಿ ನೋಡಿ. ಸಿಡುಕು ಎರಡು ವಾರದಲ್ಲಿ ಕಡಿಮೆಯಾಗದೆ, ಊಟ ನಿದ್ದೆ ಬಿಟ್ಟರೆ, ಯಾರೊಂದಿಗೂ ಮಾತು ಬೇಡವಾದರೆ ಮನೋವೈದ್ಯರ ಹತ್ತಿರ ಕರೆದೊಯ್ಯಲು ಸಂಕೋಚಪಡಬೇಡಿ.

ಸದ್ಯಕ್ಕೆ, ಸಂಜೆ ಕೊಯ್ದವರು ಚೀಲ ತಂದು ಸುರಿಯುವ ಹೊತ್ತಿಗೆ ತಕ್ಕಡಿಯ ಪಕ್ಕ ಒಂದು ಕುರ್ಚಿ ಹಾಕಿಸಿ, ಕಾಲು ಚಾಚಲು ಇನ್ನೊಂದು ಸ್ಟೂಲ್ ಇಡಿಸಿ, ತೂಕದ ಪುಸ್ತಕವನ್ನು ಅವನ ಕೈಗೆ ಕೊಡಿ. ಲೆಕ್ಕದಲ್ಲಿ ಅವನು ನಿಮಗಿಂತ ಕಟ್ಟುನಿಟ್ಟಾಗಿರುತ್ತಾನೆ ಎಂಬುದಕ್ಕೆ ಸಿದ್ಧರಾಗಿರಿ.